ಬೆಂಗಳೂರು–ಮೈಸೂರು ರಸ್ತೆ: ಕಾದ ವರ್ಷಗಳ ಕಥೆ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘದ ಏಳುಬೀಳಿನ ಬಗ್ಗೆ ಅಧ್ಯಕ್ಷರು, ಕಾರ್ಯದರ್ಶಿಗಳು ಬರೆಯುತ್ತಿದ್ದಾರೆ. ನಾವು ಓದಿರುವುದು ಎಸ್.ಎಸ್.ಎಲ್.ಸಿ.ವರೆಗೆ. ಬಲ್ಲದ್ದು ಹಸು, ಹಿಪ್ಪುನೇರಳೆ, ರಾಗಿ. ಆದರೂ ಒಂದು ವಿಷಯವನ್ನು ಈ ಸಂಚಿಕೆಯಲ್ಲಿ ಬರೆದಿಡಬೇಕು ಅನ್ನಿಸಿತು. ನಮ್ಮ ಸಂಘ ಹುಟ್ಟುವುದಕ್ಕೆ ಮುಂಚೆಯೇ ನಮ್ಮ ಸೀಮೆಗೆ ಬರುತ್ತದೆ ಎಂದು ಹೇಳಿದ ಒಂದು ರಸ್ತೆ ಇದೆ. ಸಂಘಕ್ಕೆ ಬೆಳ್ಳಿಹಬ್ಬ ಬಂತು, ಆ ರಸ್ತೆ ಮೈಸೂರು ಮುಟ್ಟಲಿಲ್ಲ. ನಡುವೆ ಬೇರೊಂದು ರಸ್ತೆ ಶುರುವಾಗಿ, ಮುಗಿದು, ಅದಕ್ಕೆ ಟೋಲ್ ಕಟ್ಟುವುದೂ ರೂಢಿಯಾಯಿತು. ಈ ಎರಡು ರಸ್ತೆಗಳ ಕಥೆ ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಬೆಂಗಳೂರು ಮೈಸೂರಿನ ನಡುವಿನ ದಾರಿ ರಾಜರ ಕಾಲದ್ದು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಇವೆಲ್ಲ ಆ ದಾರಿಯ ಮೇಲೆ ಬೆಳೆದ ಊರುಗಳು. 1876–78ರ ಘೋರ ಬರಗಾಲದ ಆಸುಪಾಸಿನಲ್ಲಿ ಮೈಸೂರು ಸಂಸ್ಥಾನ ಇಲ್ಲಿ ರೈಲು ದಾರಿ ಹಾಕಿಸಿತು. ಹೊಟ್ಟೆಗಿಲ್ಲದ ಜನಕ್ಕೆ ಕೂಲಿಯೂ ಆಯಿತು, ರಾಜ್ಯಕ್ಕೆ ರೈಲೂ ಆಯಿತು. 1882ರ ಹೊತ್ತಿಗೆ ರೈಲು ಮೈಸೂರು ತಲುಪಿತ್ತು. ಜೆಸಿಬಿ ಇಲ್ಲದ ಕಾಲ, ಬುಟ್ಟಿ ಗುದ್ದಲಿಯ ಕೆಲಸ. ಅದೇ ರೈಲು ದಾರಿಯನ್ನು ನಮ್ಮ ಕಾಲದಲ್ಲಿ ಜೋಡಿ ಹಳಿ ಮಾಡುವುದಕ್ಕೆ ಎಷ್ಟು ವರ್ಷ ಹಿಡಿಯಿತು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಶಸ್ತ್ರಾಗಾರ ಅಡ್ಡ ಇತ್ತು. ಅದನ್ನು ಒಡೆಯುವ ಹಾಗಿಲ್ಲ. ಕೊನೆಗೆ 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಸುಮಾರು 130 ಮೀಟರ್ ಪಕ್ಕಕ್ಕೆ ಸರಿಸಿದ ಮೇಲೆ ಎರಡನೇ ಹಳಿ ಕೂಡಿತು. ಅಡ್ಡಿ ಇಂಥದ್ದು ಅಂತ ಗೊತ್ತಿದ್ದರೆ, ಕಷ್ಟವಾದರೂ ಬಿಡಿಸಬಹುದು ಅನ್ನುವುದಕ್ಕೆ ಈ ಮಾತು ಹೇಳಿದೆವು.

ಈಗ ರಸ್ತೆಯ ವಿಷಯ. 1995ರ ಫೆಬ್ರವರಿ 20ರಂದು ಕರ್ನಾಟಕ ಸರ್ಕಾರ ಕೆಲವು ಕಂಪನಿಗಳ ಕೂಟದ ಜೊತೆ ಒಂದು ಒಡಂಬಡಿಕೆಗೆ ಸಹಿ ಹಾಕಿತು. ಆಗ ಮುಖ್ಯಮಂತ್ರಿ ಶ್ರೀ ಹೆಚ್.ಡಿ. ದೇವೇಗೌಡರು. ಬೆಂಗಳೂರು–ಮೈಸೂರು ನಡುವೆ ಹೊಸದಾಗಿ, ಹಳೇ ರಸ್ತೆಯನ್ನು ಮುಟ್ಟದೆ, 111 ಕಿಲೋಮೀಟರ್ ಎಕ್ಸ್‌ಪ್ರೆಸ್ ರಸ್ತೆ. ಬೆಂಗಳೂರಿನ ಹೊರಗೆ 41 ಕಿಲೋಮೀಟರ್ ಸುತ್ತು ರಸ್ತೆ. ಸುಮಾರು 10 ಕಿಲೋಮೀಟರ್ ಕೂಡು ರಸ್ತೆ. ದಾರಿಯುದ್ದಕ್ಕೂ ಐದು ಹೊಸ ಪಟ್ಟಣ. ಕಂಪನಿಯವರೇ ಹಣ ಹಾಕಿ ಕಟ್ಟಿ, ಟೋಲ್ ವಸೂಲಿ ಮಾಡಿ, ಕೊನೆಗೆ ರಸ್ತೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. 1997ರ ಏಪ್ರಿಲ್ 3ರಂದು, ಶ್ರೀ ಜೆ.ಹೆಚ್. ಪಟೇಲರು ಮುಖ್ಯಮಂತ್ರಿ ಆಗಿದ್ದಾಗ, ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸ್ ಅಂದರೆ ನೈಸ್ ಸಂಸ್ಥೆಯ ಜೊತೆ ಮುಖ್ಯ ಕರಾರು ಆಯಿತು. ಜನ ಇದನ್ನು ಕರೆದದ್ದು ನೈಸ್ ರೋಡ್ ಅಂತಲೇ.

ಆ ಕರಾರಿನಲ್ಲಿ ಜಮೀನಿನ ಲೆಕ್ಕವನ್ನು ನೋಡಬೇಕು. ಒಟ್ಟು 20,193 ಎಕರೆ. ಇದರಲ್ಲಿ ರೈತರ ಮತ್ತು ಖಾಸಗಿಯವರ ಜಮೀನು 13,237 ಎಕರೆ, ಸರ್ಕಾರದ್ದು 6,956 ಎಕರೆ. ಇದನ್ನೇ ಇನ್ನೊಂದು ಕಡೆಯಿಂದ ಎಣಿಸಿದರೆ, ರಸ್ತೆಗೆ ಬೇಕಾದದ್ದು 6,999 ಎಕರೆ, ಹೊಸ ಪಟ್ಟಣಗಳು ಮುಂತಾದವಕ್ಕೆ 13,194 ಎಕರೆ. ರಸ್ತೆಗೆ ಒಂದು ಪಾಲಾದರೆ ಪಟ್ಟಣಗಳಿಗೆ ಹೆಚ್ಚುಕಡಿಮೆ ಎರಡು ಪಾಲು. ಮುಂದೆ ನಡೆದ ಎಲ್ಲ ಜಗಳದ ಬೇರು ಇಲ್ಲಿದೆ. ರಸ್ತೆ ಬೇಡ ಅಂದವರು ಕಡಿಮೆ. ರಸ್ತೆಯ ಹೆಸರಿನಲ್ಲಿ ಇಷ್ಟೊಂದು ಜಮೀನು ಯಾಕೆ ಅಂದವರೇ ಬಹಳ. ಒಡಂಬಡಿಕೆ ಕಾಲದಲ್ಲಿ ಮುಖ್ಯಮಂತ್ರಿ ಆಗಿದ್ದ ದೇವೇಗೌಡರೇ ಮುಂದೆ ಹೆಚ್ಚುವರಿ ಜಮೀನು ಹೋಗುತ್ತಿದೆ ಎಂದು ದೊಡ್ಡ ದನಿಯಲ್ಲಿ ಆಕ್ಷೇಪ ಎತ್ತಿದರು. ಪಟ್ಟಣಗಳ ಆದಾಯ ಇಲ್ಲದೆ ರಸ್ತೆಯ ಖರ್ಚು ಹುಟ್ಟುವುದಿಲ್ಲ, ಎರಡೂ ಸೇರಿ ಒಂದೇ ಯೋಜನೆ ಎಂಬುದು ಎದುರು ಪಕ್ಷದ ವಾದ.

ವ್ಯಾಜ್ಯ ಕೋರ್ಟಿಗೆ ಹತ್ತಿತು. 1998ರಲ್ಲಿ ರಾಜ್ಯದ ಹೈಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಮೂಲಕ ಜಮೀನಿನ ಅಧಿಸೂಚನೆಗಳು ಹೊರಟವು. 2004ರ ನಂತರ ಬಂದ ಸರ್ಕಾರ ಜಮೀನು ಹೆಚ್ಚಾಯಿತು ಎಂದು ಮತ್ತೆ ಪರಿಶೀಲನೆಗೆ ಹಚ್ಚಿತು. ಪುನಃ ಕೋರ್ಟು. 2006ರ ಏಪ್ರಿಲ್ 20ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ರಸ್ತೆಯೂ ಪಟ್ಟಣಗಳೂ ಸೇರಿ ಒಂದೇ ಯೋಜನೆ, ಸರ್ಕಾರ ಕರಾರಿನಂತೆ ನಡೆಸಿಕೊಡಬೇಕು ಎಂದು. ಆಗ ನಮ್ಮ ಕಡೆ ಎಲ್ಲರೂ, ಇನ್ನೇನು ನಾಳೆ ನಾಳಿದ್ದು ಮಿಷನ್ ಬಂದು ನಿಲ್ಲುತ್ತದೆ ಅಂದುಕೊಂಡರು. ಬೆಂಗಳೂರಿನ ಸುತ್ತು ರಸ್ತೆ ಹಂತಹಂತವಾಗಿ ಓಡಾಟಕ್ಕೆ ಸಿಕ್ಕಿತು. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಹೋಗುವ ಲಾರಿಯವರಿಗೆ ಒಳ್ಳೆ ಅನುಕೂಲವೂ ಆಯಿತು. ಆದರೆ ಮೈಸೂರಿನ ಕಡೆಗೆ ಬರಬೇಕಾದ ದಾರಿ ಬೆಂಗಳೂರಿನ ಮಗ್ಗುಲಲ್ಲೇ ನಿಂತಿತು. 2014ರಲ್ಲಿ ವಿಧಾನಮಂಡಲದ ಸದನ ಸಮಿತಿ ರಚನೆಯಾಯಿತು. ಶ್ರೀ ಟಿ.ಬಿ. ಜಯಚಂದ್ರ ಅವರ ಅಧ್ಯಕ್ಷತೆಯ ಆ ಸಮಿತಿ 2016ರಲ್ಲಿ ವರದಿ ಮಂಡಿಸಿ ಜಮೀನು, ಟೋಲ್ ವಿಚಾರಗಳಲ್ಲಿ ಗಟ್ಟಿ ಆಕ್ಷೇಪಗಳನ್ನು ದಾಖಲಿಸಿತು. ಚರ್ಚೆ ಮುಗಿಯಲಿಲ್ಲ, ರಸ್ತೆಯೂ ಆಗಲಿಲ್ಲ.

ಯಾರು ಸರಿ, ಯಾರು ತಪ್ಪು ಅಂತ ತೀರ್ಮಾನ ಹೇಳಲು ನಾವು ಯಾರು? ಅದಕ್ಕೆ ಕೋರ್ಟು ಕಚೇರಿಗಳಿವೆ. ನಾವು ಹೇಳಬೇಕಾದದ್ದು, ಈ ಹಗ್ಗಜಗ್ಗಾಟ ನಡೆಯುತ್ತಿದ್ದಾಗ ಹೊಲದಲ್ಲಿ ಏನು ನಡೆಯಿತು ಅನ್ನುವುದು. ಅದನ್ನು ಯಾವ ವರದಿಯೂ ಸರಿಯಾಗಿ ಬರೆದಂತೆ ಕಾಣೆವು.

ಅಧಿಸೂಚನೆ ಬಂದ ಜಮೀನು ಅಂದರೆ ಹೇಗೆ ಗೊತ್ತೇ? ಕೈಯಲ್ಲಿದೆ, ಆದರೆ ಕೈಗೆ ಬರುವುದಿಲ್ಲ. ಉಳುಮೆ ಮಾಡಬಹುದು, ರಾಗಿ ಬಿತ್ತಬಹುದು. ಆದರೆ ಪಹಣಿಯ 11ನೇ ಕಲಮಿನಲ್ಲಿ ಭೂಸ್ವಾಧೀನ ಅಂತ ಒಂದು ಸಾಲು ಕೂತರೆ ಬ್ಯಾಂಕಿನವರು ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಬೋರ್‌ವೆಲ್ ಸಾಲ ಇಲ್ಲ, ರೇಷ್ಮೆ ಮನೆ ಸಾಲ ಇಲ್ಲ. ಮಾರೋಣ ಅಂದರೆ ನ್ಯಾಯವಾದ ಬೆಲೆಗೆ ಕೊಳ್ಳುವವರಿಲ್ಲ. ಅರ್ಧ ಬೆಲೆಗೆ ಅಗ್ರಿಮೆಂಟು ಮಾಡಿಕೊಳ್ಳುವ ಮಧ್ಯವರ್ತಿಗಳು ಮಾತ್ರ ಬೆಳಿಗ್ಗೆ ಸಂಜೆ ಬರುತ್ತಾರೆ. ಅಣ್ಣತಮ್ಮಂದಿರು ಭಾಗ ಆಗಬೇಕಾದರೆ ರಸ್ತೆಗೆ ಹೋಗುವ ಸರ್ವೆ ನಂಬರು ಯಾರ ಪಾಲಿಗೆ ಅಂತ ಜಗಳ. ಪರಿಹಾರ ಬಂದರೆ ಅದೇ ಲಾಭ, ಬರದಿದ್ದರೆ ಅದೇ ನಷ್ಟ. ಹೆಣ್ಣು ಕೊಡುವವರು ಬಂದರೆ ಮೊದಲು ಕೇಳುವುದು, “ಜಮೀನು ರೋಡಿಗೆ ಹೋಗಿದೆಯೋ ಉಳಿದಿದೆಯೋ?” ಅಂತ. ಹೋಗಿಲ್ಲ, ಉಳಿದೂ ಇಲ್ಲ ಅನ್ನೋದನ್ನ ಅವರಿಗೆ ಹೇಗೆ ಬಿಡಿಸಿ ಹೇಳೋದು?

ನಮ್ಮ ಕಡೆಯ ಹಿರಿಯರೊಬ್ಬರು ಸರ್ವೆಯವರು ಬಂದಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದರು. “ರೋಡು ಬತ್ತದೋ ಇಲ್ವೋ ಒಂದ್ ಮಾತ ಹೇಳ್ಬುಡಿ ಸ್ವಾಮಿ. ಬತ್ತದೆ ಅಂದ್ರೆ ತೆಂಗು ಇಕ್ಕಾಕಿಲ್ಲ. ಬರಾಕಿಲ್ಲ ಅಂದ್ರೆ ನಾಳೆನೇ ಗುಂಡಿ ತೋಡಿಸ್ತೀನಿ.” ಸರ್ವೆಯವರು ಏನು ಹೇಳಿಯಾರು? ಅವರಿಗೂ ಗೊತ್ತಿಲ್ಲ. ತೆಂಗಿನ ಸಸಿ ಇಟ್ಟರೆ ಫಸಲಿಗೆ ಬರಲು ಆರೇಳು ವರ್ಷ ಬೇಕು. ಅಧಿಸೂಚನೆ ಬಂದ ವರ್ಷವೇ ಇಟ್ಟಿದ್ದರೆ ಇವತ್ತಿಗೆ ಹದಿನೈದು ವರ್ಷದ ಕಾಯಿ ಕಿತ್ತಿರುತ್ತಿದ್ದರು. ಅವರು ಇಡಲಿಲ್ಲ. ಪರಿಹಾರವೂ ಬರಲಿಲ್ಲ. ಆ ಹೊಲದಲ್ಲಿ ವರ್ಷವರ್ಷವೂ ಮಳೆ ನಂಬಿಕೊಂಡು ರಾಗಿ, ಅವರೆ ಬೆಳೆದರು. ತಡವಾದದ್ದರ ಲೆಕ್ಕ ಹಾಕುವವರು ಸಿಮೆಂಟಿನ ಬೆಲೆ ಏರಿದ್ದು, ಡಾಂಬರಿನ ಬೆಲೆ ಏರಿದ್ದು ಹೇಳುತ್ತಾರೆ. ಇಡದೇ ಹೋದ ತೆಂಗಿನ ಸಸಿಗಳನ್ನು ಲೆಕ್ಕಕ್ಕೆ ಹಿಡಿಯುವವರು ಯಾರು?

ಈ ಕಾಲದಲ್ಲೇ ನಮ್ಮ ಡೈರಿ ಶುರುವಾದದ್ದು. ಇದನ್ನು ಯಾಕೆ ಹೇಳುತ್ತೇವೆ ಅಂದರೆ, ಹಸು ಪಹಣಿ ಕೇಳುವುದಿಲ್ಲ. ಜಮೀನಿನ ಮೇಲೆ ಸಾಲ ಹುಟ್ಟದೇ ಹೋದ ಮನೆಗಳು ಒಂದೆರಡು ಸೀಮೆಹಸು ಕಟ್ಟಿಕೊಂಡು, ಬೆಳಿಗ್ಗೆ ಸಂಜೆ ಹಾಲು ಹಾಕಿ, ಬಟವಾಡೆ ದಿನ ಕೈಗೆ ಬಂದ ದುಡ್ಡಿನಲ್ಲಿ ಮಕ್ಕಳ ಫೀಸು ಕಟ್ಟಿದವು. 2008ರಿಂದ ಸರ್ಕಾರ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಕೊಡಲು ಶುರು ಮಾಡಿತು. 2013ರಲ್ಲಿ ಅದು 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಸಣ್ಣ ದುಡ್ಡೇ. ಆದರೆ ಬಟವಾಡೆಗೆ ಒಂದು ದಿನ ಗೊತ್ತಿದೆ. ಆ ದಿನ ಬಂದರೆ ದುಡ್ಡು ಬರುತ್ತದೆ ಅನ್ನುವ ನಂಬಿಕೆಯ ಮೇಲೆ ಮನೆಯ ಹೆಣ್ಣುಮಕ್ಕಳು ಸಂಸಾರ ತೂಗಿಸಿದರು. ನಮ್ಮ ಸಂಘದ ಇಪ್ಪತ್ತೈದು ವರ್ಷದ ಸಾಧನೆ ಏನು ಅಂತ ಯಾರಾದರೂ ಕೇಳಿದರೆ ನಾವು ಮೊದಲು ಹೇಳುವುದು ಇದನ್ನೇ.

ಅತ್ತ ಇನ್ನೊಂದು ರಸ್ತೆಯ ಕಥೆ ಬೇರೆ ಥರ ನಡೆಯಿತು. ಹಳೆಯ ಮೈಸೂರು ರಸ್ತೆ, ಅಂದರೆ ಸ್ಟೇಟ್ ಹೈವೇ 17, 2000ದ ದಶಕದಲ್ಲಿ ನಾಲ್ಕು ಪಥ ಆಗಿತ್ತು. ವಾಹನ ಹೆಚ್ಚಿ ಅದೂ ಸಾಲದಾಯಿತು. ಮುಂದೆ ಅದು ರಾಷ್ಟ್ರೀಯ ಹೆದ್ದಾರಿ 275 ಆಗಿ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಗೆ ಹೋಯಿತು. ಬೆಂಗಳೂರಿನಿಂದ ನಿಡಘಟ್ಟದವರೆಗೆ ಒಂದು ಭಾಗ, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು ಭಾಗ. ನಡುವೆ ಆರು ಪಥ, ಎರಡೂ ಪಕ್ಕ ಎರಡೆರಡು ಪಥದ ಸರ್ವಿಸ್ ರಸ್ತೆ. 2018ರಲ್ಲಿ ಶಂಕುಸ್ಥಾಪನೆ ಆಯಿತು. ಸುಮಾರು 8,480 ಕೋಟಿ ರೂಪಾಯಿ ವೆಚ್ಚದ 118 ಕಿಲೋಮೀಟರ್ ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಪ್ರಧಾನಿ ಶ್ರೀ ನರೇಂದ್ರ ಮೋದಿಯವರು ಮಂಡ್ಯ ಜಿಲ್ಲೆಗೆ ಬಂದು ಉದ್ಘಾಟಿಸಿದರು. ಮೂರು ಗಂಟೆಯ ದಾರಿ ಒಂದೂಕಾಲು ಗಂಟೆ ಆಯಿತು ಎಂದು ಹೇಳಿದರು. 1995ರ ಒಡಂಬಡಿಕೆಯಿಂದ ಈ ಉದ್ಘಾಟನೆಯವರೆಗೆ 28 ವರ್ಷ. ದೇವೇಗೌಡರಿಂದ ಶ್ರೀ ಬಸವರಾಜ ಬೊಮ್ಮಾಯಿಯವರವರೆಗೆ ಹತ್ತು ಮಂದಿ ಮುಖ್ಯಮಂತ್ರಿಗಳು.

ಈ ಹೊಸ ಹೆದ್ದಾರಿಯಲ್ಲಿ ಕೊರತೆಯೇ ಇಲ್ಲ ಅನ್ನೋ ಹಾಗಿಲ್ಲ. 2022ರ ಆಗಸ್ಟ್ ಮಳೆಗೆ ರಾಮನಗರದ ಬಳಿ ರಸ್ತೆಯೇ ಕೆರೆ ಆಯಿತು. ಬೈಪಾಸ್ ಆದ ಮೇಲೆ ಬಿಡದಿಯ ತಟ್ಟೆ ಇಡ್ಲಿ, ಮದ್ದೂರಿನ ವಡೆ, ಚನ್ನಪಟ್ಟಣದ ಗೊಂಬೆ ಅಂಗಡಿಯವರ ವ್ಯಾಪಾರ ಬಿದ್ದುಹೋಯಿತು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಹತ್ತುವ ಹಾಗಿಲ್ಲ. ಅಪಘಾತ ತಪ್ಪಿಸಲು ಮಾಡಿದ್ದು, ಒಪ್ಪೋಣ. ಆದರೆ ಮನೆ ಈ ಕಡೆ, ಹೊಲ ಆ ಕಡೆ ಇರುವ ರೈತ ಹುಲ್ಲಿನ ಗಾಡಿ ಹೊಡೆದುಕೊಂಡು ಅಂಡರ್‌ಪಾಸ್ ಹುಡುಕುತ್ತಾ ಬಳಸಿಕೊಂಡು ಹೋಗಬೇಕು. ಇಷ್ಟಾದರೂ ರಸ್ತೆ ಮುಗಿಯಿತು. ಹೋದ ಜಮೀನು ಹೋಯಿತು, ಉಳಿದದ್ದು ನಮ್ಮದು ಅಂತ ಗಟ್ಟಿಯಾಯಿತು.

ಹಾಗಾದರೆ ಒಂದು ಮುಗಿದು ಇನ್ನೊಂದು ಯಾಕೆ ನಿಂತಿತು? ಹೆದ್ದಾರಿಯದು ಇದ್ದ ರಸ್ತೆಯನ್ನು ಅಗಲ ಮಾಡುವ ಕೆಲಸ, ಬೇಕಾದ ಜಮೀನು ಕಡಿಮೆ, ಪಟ್ಟಣಗಳ ಗೊಡವೆ ಇಲ್ಲ. ಇದು ಒಂದು ಕಾರಣ. ನಮಗೆ ದೊಡ್ಡದಾಗಿ ಕಾಣುವ ಇನ್ನೊಂದು ಕಾರಣ ಕಾನೂನಿನಲ್ಲಿದೆ. ವಕೀಲರನ್ನು ಕೇಳಿ ತಿಳಿದು ಬರೆಯುತ್ತಿದ್ದೇವೆ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಜಮೀನಿಗೆ ಮೊದಲ ಅಧಿಸೂಚನೆ ಹೊರಟ ಮೇಲೆ, ಕೋರ್ಟಿನ ತಡೆ ಇದ್ದ ಕಾಲ ಬಿಟ್ಟು, ಒಂದು ವರ್ಷದೊಳಗೆ ಮುಂದಿನ ಘೋಷಣೆ ಆಗದಿದ್ದರೆ ಮೊದಲನೆಯದು ಬಿದ್ದುಹೋಗುತ್ತದೆ. ಅಂದರೆ ಒಂದು ಗಡುವು ಇದೆ. ನೈಸ್ ಯೋಜನೆಗೆ ಜಮೀನು ತೆಗೆದುಕೊಂಡದ್ದು ರಾಜ್ಯದ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಲ್ಲಿ. ಹಳೆಯ 1894ರ ಭೂಸ್ವಾಧೀನ ಕಾಯ್ದೆಯಲ್ಲಿ ಎರಡು ವರ್ಷದೊಳಗೆ ಪರಿಹಾರದ ಐತೀರ್ಪು ಆಗಬೇಕು, ಇಲ್ಲದಿದ್ದರೆ ಸ್ವಾಧೀನ ರದ್ದು ಎಂಬ ನಿಯಮ ಇತ್ತು. ಆ ನಿಯಮ ಈ 1966ರ ಕಾಯ್ದೆಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಇದೇ ಯೋಜನೆಯ ಮೊಕದ್ದಮೆಯೊಂದರಲ್ಲಿ ಹೇಳಿತು. ಗಡುವು ಇಲ್ಲದ ಮೇಲೆ ಅವಸರ ಯಾರಿಗೆ? ಕಾಯುವವನು ರೈತ, ಕಾಯಿಸುವವನಿಗೆ ಕಾಲದ ಹಂಗಿಲ್ಲ.

ಆದರೆ ಒಂದು ಬೆಳಕು ಈಚೆಗೆ ಕಂಡಿದೆ. ಇದನ್ನು ಎಲ್ಲ ಸದಸ್ಯರೂ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಇದೇ ಯೋಜನೆಗೆ ನಿವೇಶನ ಕಳೆದುಕೊಂಡ ಬೆಂಗಳೂರಿನ ಕೆಲವರ ಮೊಕದ್ದಮೆಯಲ್ಲಿ 2025ರ ಜನವರಿ 2ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅವರ ಜಾಗಕ್ಕೆ 2003ರಲ್ಲಿ ಅಧಿಸೂಚನೆ ಆಗಿತ್ತು, 2005ರಲ್ಲಿ ಸ್ವಾಧೀನ ಆಗಿತ್ತು. ಪರಿಹಾರದ ಐತೀರ್ಪು ಬಂದದ್ದು 2019ರ ಏಪ್ರಿಲ್ 22ರಂದು. ಅದೂ ಕೋರ್ಟಿಗೆ ಅಲೆದ ಮೇಲೆ, ಅದೂ ಹಳೆಯ ಬೆಲೆಗೆ. ಆಸ್ತಿಯ ಹಕ್ಕು ಈಗ ಮೂಲಭೂತ ಹಕ್ಕು ಅಲ್ಲದಿದ್ದರೂ ಸಂವಿಧಾನದ 300ಎ ವಿಧಿಯಂತೆ ಸಂವಿಧಾನಬದ್ಧ ಹಕ್ಕು. ಪರಿಹಾರ ಕೊಡದೆ ವರ್ಷಗಟ್ಟಲೆ ಕಾಯಿಸುವಂತಿಲ್ಲ. ಹಳೆಯ ದರ ಕೊಟ್ಟು ಕೈತೊಳೆಯುವುದು ನ್ಯಾಯವಲ್ಲ ಎಂದಿತು ಕೋರ್ಟು. ತನ್ನ ವಿಶೇಷ ಅಧಿಕಾರ ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯ ಮೇಲೆ ಪರಿಹಾರ ನಿಗದಿ ಮಾಡಿ ಎಂದು ಆದೇಶಿಸಿತು. ತಡಮಾಡಿದ ಕಾಲಕ್ಕೂ ಬೆಲೆ ಇದೆ ಎಂದು ದೇಶದ ದೊಡ್ಡ ಕೋರ್ಟು ಹೇಳಿದ ಹಾಗಾಯಿತು. ಇದು ಆ ನಿವೇಶನದಾರರಿಗೆ ಸಿಕ್ಕ ತೀರ್ಪು. ಎಲ್ಲರಿಗೂ ತಾನಾಗಿ ಅನ್ವಯಿಸುತ್ತದೆ ಅಂತ ತಿಳಿಯಬಾರದು. ಆದರೆ ಕಾಗದ ಪತ್ರ ಜೋಪಾನ ಮಾಡಿಕೊಂಡು, ಬಿಡದೆ ಕೇಳಿದವರಿಗೆ ಅದು ಸಿಕ್ಕಿತು ಅನ್ನುವುದನ್ನು ಮರೆಯಬಾರದು.

ಇದು ಮುಗಿದ ಕಥೆ ಅಂತ ಸುಮ್ಮನೆ ಕೂರುವ ಹಾಗಿಲ್ಲ. ಬಿಡದಿಯ ಸುತ್ತ ಉಪನಗರಕ್ಕೆಂದು 2025ರಲ್ಲಿ ಮತ್ತೆ ಜಮೀನಿನ ನೋಟೀಸು ಹೊರಟು ರೈತರು ಬೀದಿಗೆ ಇಳಿದರು. ರಾಮನಗರ ಜಿಲ್ಲೆಯ ಹೆಸರನ್ನೇ ಸರ್ಕಾರ ಅದೇ ವರ್ಷ ಬೆಂಗಳೂರು ದಕ್ಷಿಣ ಅಂತ ಬದಲಿಸಿತು. ಬೆಂಗಳೂರು ನಮ್ಮ ಕಡೆಗೇ ನಡೆದು ಬರುತ್ತಿದೆ. ಇನ್ನೂ ರಸ್ತೆಗಳು ಬರುತ್ತವೆ, ಇನ್ನೂ ನೋಟೀಸುಗಳು ಬರುತ್ತವೆ. ಅಭಿವೃದ್ಧಿ ಬೇಡ ಎಂದು ನಾವು ಯಾರೂ ಹೇಳುವುದಿಲ್ಲ. ನಮ್ಮ ಹಾಲಿನ ಲಾರಿ ಹೋಗುವುದೂ ರಸ್ತೆಯ ಮೇಲೇ ತಾನೆ? ನಾವು ಕೇಳಬೇಕಾದ್ದು ಒಂದೇ: ತೆಗೆದುಕೊಳ್ಳುವುದಾದರೆ ಯಾವ ದಿನ, ಎಷ್ಟು ಬೆಲೆ ಅಂತ ಹೇಳಿ. ಬೇಡವಾದರೆ ಯಾವ ದಿನ ಬಿಡುತ್ತೀರಿ ಅಂತ ಹೇಳಿ.

ಅದಕ್ಕಾಗಿ ಸದಸ್ಯರಲ್ಲಿ ಕೆಲವು ಮಾತು ವಿನಂತಿ ಮಾಡಿಕೊಳ್ಳುತ್ತೇವೆ. ವರ್ಷಕ್ಕೆ ಒಂದು ಸಾರಿಯಾದರೂ ನಿಮ್ಮ ಪಹಣಿ ತೆಗೆಸಿ 11ನೇ ಕಲಂ ಓದಿ. ನಾವು ಕೇಳದೆಯೇ ಅಲ್ಲಿ ಏನಾದರೂ ಕೂತಿರಬಹುದು. ನೋಟೀಸು ಬಂದರೆ ಹೆದರಿ ಬಚ್ಚಿಡಬೇಡಿ. ಹೆದ್ದಾರಿ ಕಾಯ್ದೆಯಲ್ಲಿ ಆಕ್ಷೇಪಣೆಗೆ 21 ದಿನ, ಕೈಗಾರಿಕಾ ಪ್ರದೇಶದ ಕಾಯ್ದೆಯಲ್ಲಿ 30 ದಿನ ಅವಕಾಶ ಇದೆ. ಬಾಯಿಮಾತು ಸಾಲದು, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಮರ, ಬಾವಿ, ರೇಷ್ಮೆ ಮನೆ ಏನಿದೆಯೋ ಅದರ ಫೋಟೋ, ಕಂದಾಯದ ರಸೀದಿ ಇಟ್ಟುಕೊಳ್ಳಿ. ವೃದ್ಧರು, ಓದುಬರಹ ಬಾರದವರು ಮಧ್ಯವರ್ತಿ ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಸಂಘಕ್ಕೆ ಬಂದು ಒಂದು ಸಾರಿ ಓದಿಸಿಕೊಳ್ಳಲಿ.

ಸಂಘದ ಕಚೇರಿಯಲ್ಲಿ ಇದಕ್ಕಾಗಿಯೇ ಒಂದು ಕಡತ ತೆರೆಯಬೇಕು ಎಂಬುದು ನಮ್ಮ ಸಲಹೆ. ಊರಿನ ಜಮೀನಿಗೆ ಸಂಬಂಧಪಟ್ಟ ಪ್ರತಿಯೊಂದು ಅಧಿಸೂಚನೆ, ನೋಟೀಸು, ಕೋರ್ಟಿನ ತೀರ್ಪಿನ ನಕಲು ಅದರಲ್ಲಿ ತಾರೀಖಿನ ಪ್ರಕಾರ ಇರಲಿ. ಫ್ಯಾಟು, ಡಿಗ್ರಿ, ಲೀಟರು ಎಲ್ಲವನ್ನೂ ದಿನದಿನವೂ ಬರೆದಿಟ್ಟ ಸಂಘ ನಮ್ಮದು. ಇದನ್ನೂ ಬರೆದಿಡುವುದು ಕಷ್ಟವಲ್ಲ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ವಿಷಯವನ್ನು ನಿರ್ಣಯಕ್ಕೆ ಇಡುತ್ತೇವೆ. ತಾವೆಲ್ಲರೂ ಬಂದು ಚರ್ಚಿಸಿ, ಒಪ್ಪಿಗೆಯಾದರೆ ಕೈ ಎತ್ತಬೇಕೆಂದು ಕೋರುತ್ತೇವೆ.